ತಿಜೋರಿಯ ಗುಟ್ಟು, ಮಲಪ್ರಭೆಯ ನೀರು

ಕೋಕಾ-ಕೋಲಾದ ಚರಿತ್ರೆ ಹೇಳುವವರೆಲ್ಲ ಒಂದು ತಿಜೋರಿಯ ಮುಂದೆ ನಿಂತು ಕಥೆ ಆರಂಭಿಸುತ್ತಾರೆ. ಅಮೆರಿಕದ ಅಟ್ಲಾಂಟಾ ನಗರದಲ್ಲಿ 1886ರ ಮೇ ತಿಂಗಳಲ್ಲಿ ಜಾನ್ ಪೆಂಬರ್ಟನ್ ಎಂಬ ಔಷಧ ತಯಾರಕ ಕಂದು ಬಣ್ಣದ ಪಾಕವೊಂದನ್ನು ಕುದಿಸಿದ. ಅದರ ಸೂತ್ರ ಪರಮ ರಹಸ್ಯವಾಯಿತು. ದಶಕಗಳ ಕಾಲ ಬ್ಯಾಂಕಿನ ಭದ್ರಕೋಣೆಯಲ್ಲಿದ್ದ ಆ ಕಾಗದವನ್ನು 2011ರಲ್ಲಿ ಕಂಪನಿಯ ಸ್ವಂತ ಪ್ರದರ್ಶನಾಲಯಕ್ಕೆ ಸಾಗಿಸಲಾಯಿತು. ಅಲ್ಲಿ ಟಿಕೆಟ್ ಕೊಂಡು ಬಂದವರಿಗೆ ತಿಜೋರಿಯ ಬಾಗಿಲನ್ನು ತೋರಿಸುತ್ತಾರೆ. ಬಾಗಿಲನ್ನು ಮಾತ್ರ.

ಬೈಲಹೊಂಗಲದ ಸಂತೆಯಲ್ಲಿ ನಿಂಬೆಹಣ್ಣಿನ ಪಾನಕ ಮಾಡುವವರನ್ನು ಕೇಳಿದರೂ ಈ ಗುಟ್ಟಿನ ಬಹುಭಾಗ ಬಯಲಾಗುತ್ತದೆ. ಬಾಟಲಿಯೊಳಗಿನ ನೂರು ಪಾಲಿನಲ್ಲಿ ಸುಮಾರು ತೊಂಬತ್ತು ಪಾಲು ನೀರು, ಹತ್ತು ಪಾಲು ಸಕ್ಕರೆ. ತಿಜೋರಿಯಲ್ಲಿರುವುದು ಉಳಿದ ಚಿಟಿಕೆಯ ಹೆಸರು. ಆ ಚಿಟಿಕೆಯ ಚರಿತ್ರೆಯನ್ನು ಜಗತ್ತಿಗೆಲ್ಲ ಹಾಡಿ ಹೇಳಿ, ತೊಂಬತ್ತು ಪಾಲಿನ ಚರಿತ್ರೆಯನ್ನು ಯಾರೂ ಕೇಳದಂತೆ ನೋಡಿಕೊಂಡದ್ದೇ ಈ ಕಂಪನಿಯ ನಿಜವಾದ ಜಾಣ್ಮೆ.

ಆ ಜಾಣ್ಮೆಗೆ ಒಂದು ಇಸವಿಯೂ ಇದೆ. 1899ರಲ್ಲಿ ಕಂಪನಿಯ ಒಡೆಯ ಏಸಾ ಕ್ಯಾಂಡ್ಲರ್ ಅಮೆರಿಕದ ಬಹುಭಾಗದಲ್ಲಿ ಈ ಪಾನೀಯವನ್ನು ಬಾಟಲಿಗೆ ತುಂಬುವ ಹಕ್ಕನ್ನು ಇಬ್ಬರು ವಕೀಲರಿಗೆ ಬರಿಯ ಒಂದು ಡಾಲರಿಗೆ ಬರೆದುಕೊಟ್ಟ. ಆ ಡಾಲರನ್ನೂ ಅವನು ವಸೂಲು ಮಾಡಲಿಲ್ಲವಂತೆ. ಅವನ ಎಡವಟ್ಟೆಂದು ಇದನ್ನು ವಾಣಿಜ್ಯದ ಪುಸ್ತಕಗಳು ನಗುತ್ತ ಹೇಳುವುದುಂಟು. ಪರಿಸರದ ಕಣ್ಣಿನಿಂದ ನೋಡಿದರೆ ಅದು ಎಡವಟ್ಟಲ್ಲ, ಒಂದು ವ್ಯವಸ್ಥೆಯ ಅಡಿಗಲ್ಲು. ಪಾಕ ಕಂಪನಿಯದು, ನೀರು ಹುಡುಕುವುದು, ಬಾವಿ ಕೊರೆಯುವುದು, ಬಾಟಲಿ ತೊಳೆಯುವುದು, ಕೊಳಕು ಹೊರಹಾಕುವುದು, ಊರವರ ಬೈಗುಳ ಕೇಳುವುದು ಮತ್ತೊಬ್ಬರದು. ಭಾರತದಲ್ಲಿ ಬಾಟಲಿ ತುಂಬುವ ತನ್ನದೇ ಸಂಸ್ಥೆಯಲ್ಲಿ ಶೇಕಡಾ 40ರಷ್ಟು ಪಾಲನ್ನು ಜುಬಿಲಂಟ್ ಭಾರ್ತಿಯಾ ಸಮೂಹಕ್ಕೆ ಮಾರುವುದಾಗಿ ಕಂಪನಿ 2024ರ ಡಿಸೆಂಬರಿನಲ್ಲಿ ಘೋಷಿಸಿದಾಗ, ನೂರಿಪ್ಪತ್ತೈದು ವರ್ಷಗಳ ಬಳಿಕವೂ ಅದೇ ಕಟ್ಟಡಕ್ಕೆ ಮತ್ತೊಂದು ಕಲ್ಲು ಕೂತಿತಷ್ಟೆ.

ಭಾರತಕ್ಕೆ ಈ ಬಾಟಲಿ ಬಂದದ್ದು 1950ರಲ್ಲಿ. ಹೋದದ್ದು 1977ರಲ್ಲಿ. ಹೋದ ಕಥೆಯಲ್ಲಿ ಕನ್ನಡ ನಾಡಿನ ಪಾಲು ಚಿಕ್ಕದಲ್ಲ. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯಂತೆ ವಿದೇಶಿ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕಾಗಿತ್ತು. ಸೂತ್ರದ ಮೇಲಿನ ಹಿಡಿತ ಬಿಡಲೊಲ್ಲದ ಕಂಪನಿ ದೇಶವನ್ನೇ ಬಿಟ್ಟಿತು. ಪಟ್ಟು ಸಡಿಲಿಸದೆ ನಿಂತ ಕೈಗಾರಿಕಾ ಮಂತ್ರಿ ಜಾರ್ಜ್ ಫರ್ನಾಂಡಿಸ್ ಮಂಗಳೂರಿನಲ್ಲಿ ಹುಟ್ಟಿದವರು. ತೆರವಾದ ಜಾಗಕ್ಕೆ ಸರ್ಕಾರವೇ ತಂದ ‘ಡಬಲ್ ಸೆವೆನ್’ ಪಾನೀಯದ ಸೂತ್ರ ಸಿದ್ಧವಾದದ್ದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ. ಅದನ್ನು ತಯಾರಿಸಿದ್ದು ಬ್ರೆಡ್ ಮಾಡುತ್ತಿದ್ದ ಸರ್ಕಾರಿ ಸಂಸ್ಥೆ ಮಾಡರ್ನ್ ಫುಡ್ಸ್. ಜನತಾ ಸರ್ಕಾರ ಬಿದ್ದ ಮೇಲೆ ಡಬಲ್ ಸೆವೆನ್ ಕೂಡ ಮಂಕಾಯಿತು. 2000ದ ಜನವರಿಯಲ್ಲಿ ಮಾಡರ್ನ್ ಫುಡ್ಸ್‌ನ ಶೇಕಡಾ 74ರಷ್ಟು ಪಾಲು ಹಿಂದೂಸ್ತಾನ್ ಲಿವರ್ ಎಂಬ ಬಹುರಾಷ್ಟ್ರೀಯ ಕಂಪನಿಯ ಕೈ ಸೇರಿತು. ಅದೇ 1977ರಲ್ಲಿ ಪಾರ್ಲೆ ಸಂಸ್ಥೆ ಹುಟ್ಟಿಸಿದ ‘ಥಮ್ಸ್ ಅಪ್’ ಮಾತ್ರ ದೇಶದ ನಾಲಿಗೆಯಲ್ಲಿ ನಿಂತಿತು. 1993ರಲ್ಲಿ ಕೋಕಾ-ಕೋಲಾ ಮರಳಿ ಬಂದು ಮೊದಲು ಮಾಡಿದ ಕೆಲಸಗಳಲ್ಲಿ ಒಂದೆಂದರೆ ಅದನ್ನು ಕೊಂಡುಕೊಂಡದ್ದು. 2021ರ ಮಾರಾಟದಲ್ಲಿ ಥಮ್ಸ್ ಅಪ್ ನೂರು ಕೋಟಿ ಡಾಲರ್ ದಾಟಿತೆಂದು ಕಂಪನಿ ಹೆಮ್ಮೆಯಿಂದ ಸಾರಿತು.

ಈ ಕಥೆಯನ್ನು ಸ್ವದೇಶಿ-ವಿದೇಶಿ ಜಗಳವಾಗಿ ಹೇಳಿ ಮುಗಿಸುವುದು ರೂಢಿ. ಆ ರೂಢಿಗೇ ಆಕ್ಷೇಪ ಎತ್ತಬೇಕಾಗಿದೆ. ಮೈಸೂರಿನ ವಿಜ್ಞಾನಿಗಳು ಕಂಡುಹಿಡಿದದ್ದೂ ತೊಂಬತ್ತು ಪಾಲು ನೀರು, ಹತ್ತು ಪಾಲು ಸಕ್ಕರೆಯ ಅದೇ ಪಾಕ. ಮುರುಗಲ ಹಣ್ಣು ಬೆಳೆಯುವ ಘಟ್ಟ ಕೈಯಳತೆಯಲ್ಲಿತ್ತು, ಮಜ್ಜಿಗೆ-ಅಂಬಲಿಗಳ ನಾಡು ಸುತ್ತಲೂ ಇತ್ತು; ಆದರೂ ಸರ್ಕಾರ ಅನುಕರಿಸಿದ್ದು ತಾನು ಓಡಿಸಿದವನನ್ನೇ. 2022ರಲ್ಲಿ ರಿಲಯನ್ಸ್ ಕೊಂಡು, ಮರುವರ್ಷ ಅಗ್ಗದ ದರಕ್ಕೆ ಮತ್ತೆ ಮಾರುಕಟ್ಟೆಗೆ ತಂದ ಕ್ಯಾಂಪಾ ಕೋಲಾದ ದೇಶಭಕ್ತಿಯೂ ಇದೇ ಬಗೆಯದು. ಬಾಟಲಿಯ ಮೇಲಿನ ಚೀಟಿ ಬದಲಾದರೆ ಬಾವಿಗೆ ಅದರಿಂದ ಏನು?

ಬಾವಿಯ ಮಾತು ಎತ್ತಿದ ಮೇಲೆ ಕಾನೂನಿನ ಮಾತೂ ಬರಬೇಕು. ಪೆಂಬರ್ಟನ್ ಪಾಕ ಕುದಿಸುವುದಕ್ಕೆ ನಾಲ್ಕು ವರ್ಷ ಮೊದಲು, 1882ರಲ್ಲಿ, ಬ್ರಿಟಿಷ್ ಸರ್ಕಾರ ಅನುಭೋಗ ಹಕ್ಕುಗಳ ಕಾಯಿದೆಯೊಂದನ್ನು ತಂದಿತ್ತು. ತನ್ನ ಜಮೀನಿನ ಅಡಿಯ ನೀರನ್ನು ತನ್ನ ಗಡಿಯೊಳಗೆ ಸಂಗ್ರಹಿಸಿ ಬಳಸುವ ಹಕ್ಕು ಭೂಮಾಲೀಕನಿಗಿದೆ ಎಂಬುದು ಅದರ ಸಾರ. ಮೊಟ್ಟೆಯಿಂದ ನೀರೆತ್ತುವ ಕಾಲದಲ್ಲಿ ಆ ಮಾತಿಗೆ ಒಂದು ಮಿತಿ ತಾನಾಗಿಯೇ ಇತ್ತು. ಆರು ಕೊಳವೆಬಾವಿ ಕೊರೆದು ದಿನಕ್ಕೆ ಲಕ್ಷಗಟ್ಟಲೆ ಲೀಟರ್ ಎತ್ತುವವನ ಕೈಗೆ ಅದೇ ಮಾತು ಸಿಕ್ಕರೆ ಅದು ಲೂಟಿಯ ರಹದಾರಿಯಾಗುತ್ತದೆ.

ಹಾಗಾದದ್ದನ್ನು ದೇಶ ಕಂಡದ್ದು ಕೇರಳದ ಪ್ಲಾಚಿಮಡದಲ್ಲಿ. ಪಾಲಕ್ಕಾಡ್ ಜಿಲ್ಲೆಯ ಪೆರುಮಾಟ್ಟಿ ಪಂಚಾಯಿತಿಗೆ ಸೇರಿದ ಅದು ಘಟ್ಟದ ಮಳೆನೆರಳಿನ ಊರು. ಸವದತ್ತಿ, ರಾಮದುರ್ಗದ ರೈತರಿಗೆ ಆ ಭೂಗೋಳವನ್ನು ವಿವರಿಸಬೇಕಾಗಿಲ್ಲ. 2000ದಲ್ಲಿ ಕಾರ್ಖಾನೆ ಆರಂಭವಾಯಿತು. ಎರಡೇ ವರ್ಷದಲ್ಲಿ ಸುತ್ತಲಿನ ಬಾವಿಗಳ ನೀರು ಇಳಿಯಿತು, ಉಳಿದದ್ದು ಗಡುಸಾಗಿ ಬಾಯಿಗಿಡಲಾಗದಂತಾಯಿತು. ಗೊಬ್ಬರವೆಂದು ರೈತರಿಗೆ ಹಂಚಿದ ಕಾರ್ಖಾನೆಯ ರಾಡಿಯಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಇರುವುದನ್ನು 2003ರಲ್ಲಿ ಬಿಬಿಸಿ ಬಾನುಲಿ ಬಯಲಿಗೆಳೆಯಿತು. 2002ರ ಏಪ್ರಿಲ್ 22ರಂದು ಕಾರ್ಖಾನೆಯ ಎದುರು ಆರಂಭವಾದ ಧರಣಿಯ ಮುಂಚೂಣಿಯಲ್ಲಿ ಮಯಿಲಮ್ಮ ಎಂಬ ಆದಿವಾಸಿ ಮಹಿಳೆ ನಿಂತರು. ಪಂಚಾಯಿತಿ 2003ರಲ್ಲಿ ಪರವಾನಗಿ ನವೀಕರಿಸಲು ನಿರಾಕರಿಸಿತು. ಅಂತರ್ಜಲ ಸಾರ್ವಜನಿಕ ಸ್ವತ್ತು, ಸರ್ಕಾರ ಅದರ ಕಾವಲುಗಾರ ಮಾತ್ರ ಎಂದು ಅದೇ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ತೀರ್ಪಿತ್ತಿತು. 2005ರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ದಿನಕ್ಕೆ 5 ಲಕ್ಷ ಲೀಟರ್ ಎತ್ತಬಹುದೆಂದು ಬೇರೆ ದಾರಿ ತೋರಿಸಿತು. ಆದರೆ 2004ರ ಮಾರ್ಚಿನಲ್ಲಿ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ; ತೆರೆಯುವ ಇರಾದೆಯಿಲ್ಲವೆಂದು 2017ರಲ್ಲಿ ಕಂಪನಿಯೇ ಸುಪ್ರೀಂ ಕೋರ್ಟಿಗೆ ತಿಳಿಸಿತು. ಊರಿಗಾದ ನಷ್ಟ 216 ಕೋಟಿ ರೂಪಾಯಿಗೂ ಹೆಚ್ಚು ಎಂದು 2010ರಲ್ಲಿ ಸರ್ಕಾರಿ ಸಮಿತಿ ಅಂದಾಜು ಮಾಡಿತು. ಪರಿಹಾರಕ್ಕಾಗಿ ವಿಶೇಷ ನ್ಯಾಯಮಂಡಳಿ ರಚಿಸುವ ಮಸೂದೆಯನ್ನು ಕೇರಳ ವಿಧಾನಸಭೆ 2011ರಲ್ಲಿ ಅಂಗೀಕರಿಸಿ ದಿಲ್ಲಿಗೆ ಕಳಿಸಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಲಿಲ್ಲ. ಮಯಿಲಮ್ಮ 2007ರಲ್ಲೇ ತೀರಿಕೊಂಡಿದ್ದರು.

ಇದೆಲ್ಲ ದೂರದ ಕೇರಳದ ಮಾತು, ಬೈಲಹೊಂಗಲದಲ್ಲಿ ಅಂಥ ಕಾರ್ಖಾನೆಯಿಲ್ಲ, ಕರ್ನಾಟಕದ ದೊಡ್ಡ ಘಟಕ ಇರುವುದು ಬಿಡದಿಯಲ್ಲಿ ಎಂದು ಸಮಾಧಾನ ಹೇಳುವವರಿದ್ದಾರೆ. ಅವರು ಲೆಕ್ಕ ಹಾಕುವುದು ಬಾಟಲಿಯೊಳಗಿನ ನೀರನ್ನು ಮಾತ್ರ. ಒಂದು ಲೀಟರ್ ಪಾನೀಯಕ್ಕೆ ತನ್ನ ಕಾರ್ಖಾನೆಗಳಲ್ಲಿ 2.7 ಲೀಟರ್ ನೀರು ಬೇಕಾಗುತ್ತದೆಂದು ಕಂಪನಿ 2004ರಲ್ಲಿ ಹೇಳಿತ್ತು. ಆಮೇಲೆ ಅದನ್ನು ಎರಡು ಲೀಟರಿಗಿಂತ ಕೆಳಗೆ ಇಳಿಸಿದ್ದಾಗಿ ಬೀಗಿತು. ಆದರೆ ಸಕ್ಕರೆ ಹಾಕಿದ ಅರ್ಧ ಲೀಟರ್ ಪಾನೀಯದ ಹಿಂದೆ 150ರಿಂದ 300 ಲೀಟರ್‌ವರೆಗೆ ನೀರು ಇರುತ್ತದೆಂದೂ, ಅದರ ಬಹುಪಾಲು ಖರ್ಚಾಗುವುದು ಕಾರ್ಖಾನೆಯಲ್ಲಲ್ಲ, ಹೊಲದಲ್ಲಿ ಎಂದೂ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಆ ಹೊಲದ ಹೆಸರು ಕಬ್ಬಿನ ಹೊಲ. ಅಲ್ಲಿಗೆ ಈ ಚರಿತ್ರೆ ಮಲಪ್ರಭೆಯ ದಂಡೆಗೆ ಬಂದು ನಿಲ್ಲುತ್ತದೆ.

ಖಾನಾಪುರದ ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ಮಲೆನಾಡಿನ ಸೆರಗು ದಾಟಿದ ಕೂಡಲೇ ಬೆಳವಲದ ನದಿಯಾಗುತ್ತಾಳೆ. ದಿನವೂ ಈ ನದಿಯ ಮರಳಿನಲ್ಲೇ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ರೇಣುಕೆ ನೀರು ಹೊತ್ತಳೆಂಬುದು ಸವದತ್ತಿಯ ಗುಡ್ಡದ ಕಥೆ. ಅವಳ ಹೆಸರಿನ ಜಲಾಶಯ ನವಿಲುತೀರ್ಥದಲ್ಲಿ 1972ರಲ್ಲಿ ಸಿದ್ಧವಾಯಿತು. ಅದರ ಸಾಮರ್ಥ್ಯ 37.73 ಟಿಎಂಸಿ, ತುಂಬಿದ ವರ್ಷಗಳಿಗಿಂತ ತುಂಬದ ವರ್ಷಗಳೇ ಹೆಚ್ಚು. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರೂ ಅಲ್ಲಿಂದಲೇ. ಅದೇ ಸೀಮೆಯಲ್ಲಿ ಎಂ.ಕೆ. ಹುಬ್ಬಳ್ಳಿಯ ಸಹಕಾರಿ ಸಕ್ಕರೆ ಕಾರ್ಖಾನೆ ನದಿಯ ಹೆಸರು ಹೊತ್ತಿದ್ದರೆ, ಮುನವಳ್ಳಿಯಲ್ಲಿ ಆರಂಭವಾದ ಖಾಸಗಿ ಸಕ್ಕರೆ ಕಂಪನಿ ರೇಣುಕೆಯ ಹೆಸರನ್ನೇ ಇಟ್ಟುಕೊಂಡಿತು. 2018ರಲ್ಲಿ ಅದರ ಹಿಡಿತ ಸಿಂಗಪುರದ ವಿಲ್ಮಾರ್ ಕಂಪನಿಗೆ ಹೋಯಿತು. ಕೊಡ ಹೊತ್ತವಳ ಹೆಸರು ಎಲ್ಲೆಲ್ಲಿ ಚಲಾವಣೆಯಾಗುತ್ತದೆ ನೋಡಿ!

ಯಾವ ಸಕ್ಕರೆ ಚೀಲ ಯಾವ ಬಾಟಲಿಗೆ ಹೋಯಿತೆಂದು ಚೀಲದ ಮೇಲೆ ಬರೆದಿರುವುದಿಲ್ಲ. ಬರೆಯದಿರುವುದೇ ವ್ಯವಸ್ಥೆಯ ಅನುಕೂಲ. ದೇಶದ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯ ಡಬ್ಬಿಗೆ ಹೋಗದೆ ಮಿಠಾಯಿ, ಬಿಸ್ಕತ್ತು, ತಂಪು ಪಾನೀಯಗಳ ಉದ್ಯಮಕ್ಕೆ ಹೋಗುತ್ತದೆ. ಇದಕ್ಕಾಗಿ ಕಬ್ಬು ಬೆಳೆಗಾರನನ್ನು ಬೈಯುವುದು ಅನ್ಯಾಯ. ಜೋಳಕ್ಕೆ, ಹತ್ತಿಗೆ ನಂಬಿಕೆಯ ದರ ಸಿಗದ ನಾಡಿನಲ್ಲಿ, ಬಾಕಿ ಉಳಿಸಿಯಾದರೂ ಕೊಳ್ಳುವವನಿರುವ ಬೆಳೆಗೆ ಅವನು ಕೈಹಾಕಿದ್ದಾನೆ.

ನಿಜವಾದ ಪ್ರಶ್ನೆ ಮೇಲಿನ ಕಾಡಿನಲ್ಲಿದೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕಳಸಾ-ಬಂಡೂರಿ ನಾಲೆಗಳ ಮೂಲಕ 3.9 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಲು ಒಪ್ಪಿತು. ಬಯಲಿನ ಜನ ಆ ನೀರಿಗಾಗಿ ಮಾಡಿದ ಹೋರಾಟ ಕುಡಿಯುವ ನೀರಿನ ಹೋರಾಟ. ಅದರ ನ್ಯಾಯವನ್ನು ಘಟ್ಟದವರು ಅಲ್ಲಗಳೆಯಲಾಗದು. ಆದರೆ ಒಂದು ಹೆಕ್ಟೇರ್ ಕಬ್ಬಿಗೆ ವರ್ಷಕ್ಕೆ ಹದಿನೈದರಿಂದ ಇಪ್ಪತ್ತು ಸಾವಿರ ಘನ ಮೀಟರ್ ನೀರು ಬೇಕು. 3.9 ಟಿಎಂಸಿ ಎಂದರೆ ಸುಮಾರು 11 ಕೋಟಿ ಘನ ಮೀಟರ್. ಮಳೆಯ ಪಾಲನ್ನು ಉದಾರವಾಗಿ ಕಳೆದರೂ ಅದು ಹತ್ತು ಹನ್ನೆರಡು ಸಾವಿರ ಹೆಕ್ಟೇರ್ ಕಬ್ಬಿಗೆ ಮುಗಿದುಹೋಗುತ್ತದೆ. ಬೆಳಗಾವಿ ಜಿಲ್ಲೆಯ ಕಬ್ಬಿನ ವಿಸ್ತೀರ್ಣವೋ ಎರಡು ಲಕ್ಷ ಹೆಕ್ಟೇರನ್ನು ಮೀರಿದೆ. ಖಾನಾಪುರದ ಕಾಡು ಬಾಯಾರಿದ ಊರಿಗೆ ನೀರು ಕೊಡಲಿ ಎನ್ನುವುದು ಒಂದು ಮಾತು. ಸಿಹಿಮಾಡಿದ ನೀರಿಗೆ ಸಿಹಿ ಒದಗಿಸಲು ನೀರು ಕೊಡಲಿ ಎನ್ನುವುದು ಬೇರೆಯೇ ಮಾತು. ಎರಡನ್ನೂ ಒಂದೇ ಕಾಲುವೆಯಲ್ಲಿ ಹರಿಸಿ ಒಂದೇ ಹೆಸರಿನಿಂದ ಕರೆಯುವುದನ್ನು ಒಪ್ಪಲಾಗದು.

ಕರ್ನಾಟಕದಲ್ಲಿ ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯಿದೆಯಿದೆ. ಕಾರ್ಖಾನೆ ಕಟ್ಟಲು, ಯಂತ್ರ ಕೂರಿಸಲು ಅನುಮತಿ ಕೊಡುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಕಾಯಿದೆ ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಪೆರುಮಾಟ್ಟಿಯವರು ಬಳಸಿದ್ದು ಅಂಥದೇ ಒಂದು ಅಧಿಕಾರವನ್ನು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪಂಚಾಯಿತಿಗಳ ಮುಂದೆ ನಾಳೆ ಬಾಟಲಿ ನೀರಿನ ಘಟಕವೋ, ಪಾನೀಯದ ಘಟಕವೋ, ಸಕ್ಕರೆ ಕಾರ್ಖಾನೆಯ ವಿಸ್ತರಣೆಯೋ ಅರ್ಜಿ ಹಿಡಿದು ಬಂದರೆ, ಎಷ್ಟು ಕೆಲಸ ಕೊಡುತ್ತೀರಿ ಎಂದು ಕೇಳುವುದಕ್ಕೂ ಮೊದಲು ಎಷ್ಟು ಲೀಟರ್, ಯಾವ ಬಾವಿಯಿಂದ, ಯಾವ ದರಕ್ಕೆ, ಬೇಸಿಗೆಯಲ್ಲಿ ಎಷ್ಟು ಎಂದು ಕೇಳಿ, ಉತ್ತರವನ್ನು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಅರ್ಜಿದಾರನ ರುಜು ಹಾಕಿಸಿಕೊಳ್ಳಬೇಕು.