ಪ್ಲಗ್ ಬದ್ಲಿ ಮಾಡೂಕಿಂತ ಮೊದ್ಲ ರೋಗ ತೋರಸ್ರಿ

ಹೋದ ಸಲ ಕೆಂಪ ಖಾರದ ಬಗ್ಗೆ ಬರದಿದ್ದೆ. ಈ ಸಲ ಅಡಿಗಿಮನಿ ಬಿಟ್ಟು ಅಂಗಳಕ್ಕ ಬಂದೀನಿ. ಅಲ್ಲಿ ನಿಂತಿರೋ ನಮ್ಮ ಪಿಕಪ್ ಗಾಡಿ ಬಗ್ಗೆ ಬರೀತೀನಿ. "ಇಕಿಗೇನಾತವ್ವಾ, ಇಂಜಿನ್ ಬಗ್ಗೆ ಬರಿಯಾಕತ್ಯಾಳ" ಅಂತ ನಗೋರು ಪೂರಾ ಓದಿ ಆಮ್ಯಾಲ ನಗ್ರಿ. ಈ ಗಾಡಿ ದೆಸಿಯಿಂದ ನನ್ನ ಕೈಬಳಿ ಬ್ಯಾಂಕಿಗೆ ಹೋಗೂದಿತ್ತು.

ನಮ್ಮದು ಪೆಟ್ರೋಲ್ ಇಂಜಿನ್ನಿನ ಸಣ್ಣ ಪಿಕಪ್. ನಸುಕಿನ್ಯಾಗ ಕೊತ್ತಂಬ್ರಿ, ಮೆಂತೆ, ಬದನಿಕಾಯಿ ಹೇರ್ಕೊಂಡು ಹುಬ್ಬಳ್ಳಿ ಮಾರ್ಕೆಟ್ಟಿಗೆ ಹೋಗ್ತೈತಿ. ಶ್ರಾವಣದಾಗ ಅದು ಮಿಸ್ಸಿಂಗ್ ಹೊಡಿಯಾಕ ಹತ್ತಿತು. ನಿಂತಲ್ಲೇ ಗಡಗಡ ನಡುಗೂದು, ಏರಿನ್ಯಾಗ ಎಳೀದಿರೂದು, ಹಿಂದ ಸೈಲೆನ್ಸರಿನ್ಯಾಗ ಹಸಿ ಪೆಟ್ರೋಲ್ ವಾಸನಿ. ಗ್ಯಾರೇಜಿಗೆ ಒಯ್ದ್ರ ಮಿಸ್ತ್ರಿ ಬಾನೆಟ್ ಎತ್ತಿ, "ಪ್ಲಗ್ ಹೋಗ್ಯಾವ್ರಿ" ಅಂದು ನಾಲ್ಕೂ ಪ್ಲಗ್ ಬದ್ಲಿ ಮಾಡಿದ. ₹1,600 ಆತು. ಎಂಟು ದಿನ ಸುಮ್ಮನಿತ್ತು, ಮತ್ತ ಅದ ರಾಗ. ಎರಡನೇ ಸಲ ಹೋದಾಗ ಅಂವಾ, "ಇಂಜೆಕ್ಟರ್ ನೋಡಬೇಕು, ಇಂಜಿನ್ ಬಿಚ್ಚಬೇಕು, 25 ಸಾವಿರ ಇಟ್ಕೋರಿ" ಅಂದ. ಬಳಿ ಇಡೂದು ಅಂತ ಮನ್ಯಾಗ ಮಾತಾತು.

ನಾ ಅವಂಗ ಒಂದ ಮಾತು ಕೇಳಿದೆ. "ನಾಲ್ಕರಾಗ ಯಾವ ಸಿಲಿಂಡರ್ ಕೆಟ್ಟೈತ್ರಿ? ನಿಮಗ ಹೆಂಗ ಗೊತ್ತಾತು?" ಅದಕ್ಕ ಅಂವಾ, "ಅಕ್ಕಾರ, ಇದೆಲ್ಲಾ ನಿಮಗ ತಿಳಿಯಾಂಗಿಲ್ಲ. ಸಾಹುಕಾರ್ನ ಕಳಸ್ರಿ" ಅಂದ.

ಬಳಿ ನನ್ನವು, ತಿಳೀಬೇಕಾದವ್ರು ಸಾಹುಕಾರ್ರು! ಈ ಮಾತಿಗೇ ನನ್ನ ಜಗಳ.

ತಿಳಿಯಲಾರದಂಥಾದ್ದು ಇದ್ರಾಗ ಏನೈತಿ? ಪಲ್ಲಕ್ಕಿಗೆ ನಾಲ್ಕು ಮಂದಿ ಹೆಗಲು ಕೊಡ್ತಾರ. ಒಬ್ಬಾಂವ ಹೆಗಲು ತೆಗೆದ್ರ ಪಲ್ಲಕ್ಕಿ ಹೊಯ್ದಾಡ್ತೈತಿ. ನಾಲ್ಕು ಸಿಲಿಂಡರಿನ ಇಂಜಿನ್ನೂ ಹಂಗ. ಒಂದರಾಗ ಪೆಟ್ರೋಲ್ ಉರೀಲಿಲ್ಲ ಅಂದ್ರ ಗಾಡಿ ನಡಗತೈತಿ. ಉರೀಬೇಕಂದ್ರ ಗಾಳಿ, ಪೆಟ್ರೋಲ್, ಒತ್ತಡ, ಕಿಡಿ ನಾಲ್ಕೂ ಬೇಕು. ಕಿಡಿ ಹಾರಸೂದು ಪ್ಲಗ್. ಬ್ಯಾಟರಿಯ 12 ವೋಲ್ಟನ್ನ ಸಾವಿರಾರು ವೋಲ್ಟ್ ಮಾಡಿ ಆ ಪ್ಲಗ್ಗಿಗೆ ಕೊಡೂದು ಕಾಯಿಲ್. ಇಷ್ಟರಾಗ ಯಾವುದು ಕೈಕೊಟ್ರೂ ನಡುಕ ಒಂದ. ಜ್ವರ ಬಂದೋರಿಗೆಲ್ಲಾ ಒಂದ ಸೂಜಿ ಚುಚ್ಚೋ ಡಾಕ್ಟರಿಗೆ ನಾವು ಮಕ್ಕಳನ್ನ ಒಯ್ತೀವೇನ್ರಿ? ಗಾಡೀನ ಯಾಕ ಒಯ್ಬೇಕು?

ನಮ್ಮ ತಂಗಿ ಮಗಾ ಐಟಿಐ ಕಲ್ತಾನ. ಅಂವಾ ಮೊಬೈಲಿಗೆ ಜೋಡಸೋ ಸಣ್ಣ ಸ್ಕ್ಯಾನರ್ ತಂದ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದ್ರ ಪಿ0302 ಅಂತ ತೋರಿಸ್ತು. ಅಂದ್ರ ಎರಡನೇ ಸಿಲಿಂಡರ್ ಮಿಸ್ಸಿಂಗ್. ಪಿ0301 ಇದ್ರ ಒಂದನೇದು, ಪಿ0304 ಇದ್ರ ನಾಲ್ಕನೇದು. ಪಿ0300 ಬಂದ್ರ ಒಂದ ಸಿಲಿಂಡರ್ ಅಂತ ಹೇಳಾಕ ಬರೂದಿಲ್ಲ. "ದೊಡ್ಡವ್ವ, ಈಗ ನೀವ ಮಾಡ್ರಿ" ಅಂದ. ನಮ್ಮ ಗಾಡ್ಯಾಗ ಒಂದೊಂದು ಪ್ಲಗ್ಗಿನ ಮ್ಯಾಲೆ ಒಂದೊಂದು ಕಾಯಿಲ್ ಐತಿ. ಗಾಡಿ ಆಫ್ ಇಟ್ಟು, ಎರಡನೇ ಕಾಯಿಲ್ ಮೂರನೇದಕ್ಕ, ಮೂರನೇದು ಎರಡನೇದಕ್ಕ ಅದಲು ಬದಲು ಹಾಕಿದೆ. ಹಳೇ ಕೋಡ್ ಅಳಿಸಿ ಚಾಲು ಮಾಡಿದ್ರ ಈಗ ಪಿ0303! ಕಾಯಿಲ್ ಹೋದಲ್ಲೇ ರೋಗ ಹೋತು. ಅಂದಮ್ಯಾಲ ಕಳ್ಳ ಸಿಕ್ಕಂಗ ಆತಿಲ್ಲ? ಹೊಸಾ ಕಾಯಿಲ್ಲಿಗೆ ₹1,800 ಆತು. ಇಂಜಿನ್ ಬಿಚ್ಚಲಿಲ್ಲ. ಬಳಿ ಕೈಯಾಗ ಅದಾವು.

ಕೋಡ್ ಎರಡನೇದರಾಗ ಉಳದಿದ್ರ ಪ್ಲಗ್ ಅದಲು ಬದಲು ಮಾಡಿ ನೋಡೂದಿತ್ತು. ಆಗ್ಲೂ ಅಲ್ಲೇ ಉಳದಿದ್ರ ಇಂಜೆಕ್ಟರ್, ಅದಾದಮ್ಯಾಲ ಕಂಪ್ರೆಷನ್. ಹಿಂಗ ಒಂದೊಂದ ಮೆಟ್ಟಲಾ ಹತ್ತಬೇಕು, ಕಡೀ ಮೆಟ್ಟಲದಿಂದ ಚಾಲು ಮಾಡಬಾರ್ದು.

ಬದ್ಲಿ ಮಾಡಿದ ಹಳೇ ಪ್ಲಗ್ ಕೇಳಿ ಇಸ್ಕೋರಿ, ಬಿಡಬ್ಯಾಡ್ರಿ. ಅದರ ತುದೀನ ಇಂಜಿನ್ನಿನ ನಾಲಿಗಿ. ತಿಳಿ ಕಂದು ಬಣ್ಣ ಇದ್ರ ಆರೋಗ್ಯ ಚಲೋ. ಒಣಾ ಕರೀ ಮಸಿ ಇದ್ರ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮಿ. ಮೊದ್ಲ ಏರ್ ಫಿಲ್ಟರ್ ನೋಡಸ್ರಿ. ಎಣ್ಣಿ ಹತ್ತಿ ಜಿಡ್ಡಾಗಿದ್ರ ಇಂಜಿನ್ ಆಯಿಲ್ ಒಳಗ ಬರಾಕತ್ತೈತಿ. ಬೆಳ್ಳಗ ಸುಟ್ಟು ಗುಳ್ಳಿ ಎದ್ದಿದ್ರ ವಿಪರೀತ ಕಾದೈತಿ. ಇಂಥಾದ್ದೇನರ ಇದ್ದು ಬರೇ ಪ್ಲಗ್ ಹೊಸಾವು ಹಾಕಿದ್ರ, ಹೊಸಾವೂ ಅದ ಹಾದಿ ಹಿಡೀತಾವು.

ಡೀಸೆಲ್ ಗಾಡಿ ಇದ್ದೋರು ಕೇಳ್ರಿ. ನಿಮ್ಮ ಗಾಡಿಗೆ ಸ್ಪಾರ್ಕ್ ಪ್ಲಗ್ಗ ಇರೂದಿಲ್ಲ. ಒತ್ತಿದ ಗಾಳಿಯ ಕಾವಿಗೆ ಡೀಸೆಲ್ ತಾನ ಉರೀತೈತಿ. ಬಿಲ್ಲಿನ್ಯಾಗ ಸ್ಪಾರ್ಕ್ ಪ್ಲಗ್ ಅಂತ ಬರದಿದ್ರ ಅಲ್ಲೇ ನಿಂತು ಜಗಳಾ ತಗೀರಿ.

"ಮಿಸ್ತ್ರಿ ಹೊಟ್ಟಿ ಮ್ಯಾಲ ಹೊಡಿಯಾಕತ್ತೀ" ಅಂತ ನಮ್ಮ ಅತ್ತಿ ಅಂದ್ರು. ಇಲ್ರಿ ಅತ್ತಿ. ಅವರ ಕೈಕೆಲಸಕ್ಕ ನಾ ಕೈ ಮುಗೀತೀನಿ. ಬಿಸಿ ಇಂಜಿನ್ನಿನ್ಯಾಗ ಪ್ಲಗ್ ತಿರುವಿದ್ರ ಅಲ್ಯುಮಿನಿಯಂ ಹೆಡ್ಡಿನ ಆಟೆ ಹಾಳಾಗತಾವು. ಆರಿದ ಮ್ಯಾಲ, ಕುಣಿಯೊಳಗಿನ ಧೂಳಾ ಊದಿ ತಗದು ಬಿಚ್ಚಬೇಕು. ಹೊಸಾದನ್ನ ಮೊದ್ಲ ಕೈಯಿಂದನ ತಿರುವಿ ಕೂಡಿಸಿ ಕಡೀಕ ಪಾನಾ ಹಾಕಬೇಕು, ಅದೂ ಪುಸ್ತಕದಾಗ ಹೇಳಿದಷ್ಟ ಬಿಗಿ. ಇದಕ್ಕ ರೂಢಿ ಬೇಕು. ರೂಢಿ ಇಲ್ಲದೋರು ಕೈ ಹಾಕಬ್ಯಾಡ್ರಿ, ಕೂಲಿ ಕೊಟ್ಟು ಮಾಡಸ್ರಿ. ಹುಡುಕಿದ್ದಕ್ಕೂ ಕೂಲಿ ಕೊಡ್ರಿ. ಅರ್ಧಾ ತಾಸು ಕುಂತು ರೋಗ ಹುಡುಕಿದಾಂವಗ ನಾವು ಒಂದು ರೂಪಾಯಿ ಕೊಡೂದಿಲ್ಲ, ಸಾಮಾನು ಬದ್ಲಿ ಮಾಡಿದ್ರಷ್ಟ ಕೊಡ್ತೀವಿ. ಅದಕ್ಕ ಅವರೂ ಸಾಮಾನು ಬದ್ಲಿ ಮಾಡ್ಕೋತ ಹೊಂಟಾರ. ಈ ತಪ್ಪು ನಮ್ಮದು.

ನನ್ನದೂ ಒಂದು ತಪ್ಪೈತಿ. ಇಂಜಿನ್ ದೀಪ ಪಕಪಕ ಅಂತಿದ್ದಾಗ "ಮಾರ್ಕೆಟ್ ಮುಗಿಸ್ಕೊಂಡು ಬರ್ರಿ" ಅಂತ ನಾನ ಮನಿಯವ್ರನ್ನ ಕಳಿಸಿದ್ದೆ. ದೀಪ ಹತ್ತಿ ಸುಮ್ಮನ ನಿಂತ್ರ ಲಗೂನ ತೋರಸ್ರಿ. ಪಕಪಕ ಅಂದ್ರ ಜ್ವಾಕ್ಯಾಗಿ ಬಾಜೂಕ ನಿಲ್ಲಸ್ರಿ. ಉರೀಲಾರದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರದು ಅದನ್ನ ಸುಡ್ತೈತಿ. ಅದು ಹೋತಂದ್ರ ಬಳಿ ಸಾಲೂದಿಲ್ಲ.

ಹಾಲಿನ ಲೆಕ್ಕಾ, ಚೀಟಿ ಲೆಕ್ಕಾ, ಸಂಘದ ಕಂತು, ಎಲ್ಲಾ ನಮ್ಮ ಬೆರಳ ತುದ್ಯಾಗ ಇರ್ತಾವು. ಗ್ಯಾರೇಜಿನ ಬಾಗಲಕ್ಕ ಬಂದ ಕೂಡ್ಲೆ ನಾವ್ಯಾಕ ಸೆರಗು ಎಳ್ಕೊಂಡು ಹಿಂದ ಸರೀಬೇಕು? ಮುಂದ ಹೋಗಿ ಮೂರ ಮಾತು ಕೇಳ್ರಿ. ಯಾವ ಸಿಲಿಂಡರ್? ಹೆಂಗ ಗೊತ್ತಾತು? ಹಳೇ ಸಾಮಾನು ಎಲ್ಲಿ? ಈ ಮೂರಕ್ಕ ಉತ್ತರ ಸಿಗೂತನಕ ರೊಕ್ಕದ ಚೀಲ ಬಿಚ್ಚಬ್ಯಾಡ್ರಿ.

ಮೊನ್ನಿ ಆ ಮಿಸ್ತ್ರಿ ಹಾದ್ಯಾಗ ಸಿಕ್ಕಿದ್ದ. "ಅಕ್ಕಾರ, ಗಾಡಿ ಹೆಂಗೈತಿ?" ಅಂದ. "ಕಾಯಿಲ್ ಹೋಗಿತ್ತಪಾ, ನಾನ ಹುಡುಕಿದೆ" ಅಂದೆ. ಒಂದು ಗಳಿಗಿ ಸುಮ್ಮನ ನಿಂತು, "ಎರಡನೇದಿತ್ತೇನ್ರಿ?" ಅಂತ ಕೇಳಿದ. ಕೇಳಿದ್ನಲ್ಲಾ, ನನಗ ಅಷ್ಟ ಸಾಕು.

ಮುಂದಿನ ಸಲ ಸೀಗಿ ಹುಣ್ಣಿವಿ ಅಡಿಗಿ ಬಗ್ಗೆ ಬರೀತೀನಿ. ಬರ್ಲ್ಯಾ.