ಸಹಿ ಯಾರದೆಂದು ಕೇಳುವವರು ಯಂತ್ರ ಎಂಥದೆಂದು ಕೇಳುವುದಿಲ್ಲ

ರಕ್ತಪರೀಕ್ಷೆಯ ವರದಿಯ ಕೆಳಗೆ ಯಾರ ಸಹಿ ಇರಬೇಕು ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಸಹಿ ಹಾಕಬೇಕು ಎಂದು 2017ರ ಡಿಸೆಂಬರಿನಲ್ಲಿ ನ್ಯಾಯಾಲಯ ಹೇಳಿತು. ಸರಿಯಾದ ಮಾತೇ. ಆದರೆ ಆ ಸಹಿ ಬೀಳುವ ಮೊದಲೇ ನಮ್ಮ ರಕ್ತ ಸೆಂಟ್ರಿಫ್ಯೂಜ್ ಎಂಬ ಯಂತ್ರದೊಳಗೆ ನಿಮಿಷಕ್ಕೆ ಮೂರು-ನಾಲ್ಕು ಸಾವಿರ ಸುತ್ತು ತಿರುಗಿ, ಕೆಂಪು ಕಣ ಬೇರೆ, ಸೀರಮ್ ಬೇರೆ ಆಗಿರುತ್ತದೆ. ಆ ಯಂತ್ರದ ಬಗ್ಗೆ ಮಾತ್ರ ಯಾರೂ ಜಗಳವಾಡುವುದಿಲ್ಲ. ಆಡಬೇಕು ಎಂಬುದು ನನ್ನ ವಾದ.

ದಾದರ್‌ನಿಂದ ಡೊಂಬಿವಲಿವರೆಗೆ, ಅಂಧೇರಿಯಿಂದ ನಾಲಾಸೋಪಾರಾವರೆಗೆ ಸ್ಟೇಷನ್ನಿನ ಪಕ್ಕದ ಗಲ್ಲಿಗಳಲ್ಲಿ ಪುಟ್ಟ ಲ್ಯಾಬುಗಳಿವೆ. ಕರ್ನಾಟಕದಲ್ಲಿ ಇಂಥವು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಬೇಕು. ಕೇಂದ್ರದ 2010ರ ಕಾಯ್ದೆಯನ್ನು ಮಹಾರಾಷ್ಟ್ರ ತನ್ನದಾಗಿಸಿಕೊಂಡಿಲ್ಲ. ಅಲ್ಲಿರುವ 1949ರ ಕಾಯ್ದೆ ನರ್ಸಿಂಗ್ ಹೋಮ್‌ಗಳಿಗೆಂದು ಮಾಡಿದ್ದು. ಎನ್‌ಎಬಿಎಲ್ ಮಾನ್ಯತೆ ಬೇಕಾದವರು ಪಡೆಯುವಂಥದು.

ವಿಚಿತ್ರವೆಂದರೆ ತಿರುಗುವ ಯಂತ್ರದ ಅಪಾಯ ಮುಂಬಯಿಗೆ ಹೊಸದಲ್ಲ. ಇದು ಗಿರಣಿಗಳ ಊರು. ಬಟ್ಟೆಯ ನೀರು ಹಿಂಡುವ ತಿರುಗು ಬುಟ್ಟಿಯೂ ಸೆಂಟ್ರಿಫ್ಯೂಜಿನ ಅಣ್ಣನೇ. ಅಂಥ ಪಾತ್ರೆ, ಬುಟ್ಟಿ, ಚಕ್ರಗಳು ಸುರಕ್ಷಿತ ವೇಗ ಮೀರದಂತೆ ನೋಡಿಕೊಳ್ಳಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 30ನೇ ಕಲಮು ಹೇಳಿತ್ತು. ಗಿರಣಿ ಕಾರ್ಮಿಕನಿಗೆ ಸಿಕ್ಕ ಆ ಒಂದು ಸಾಲಿನ ರಕ್ಷಣೆ ನಾಲ್ಕು ಜನರ ಲ್ಯಾಬಿನಲ್ಲಿ ದುಡಿಯುವ ಹುಡುಗಿಗೆ ಇಲ್ಲ. ಅವಳ ಲ್ಯಾಬು ಕಾರ್ಖಾನೆಯಲ್ಲವಲ್ಲ!

ಅಪಾಯವನ್ನು ಲೆಕ್ಕದಲ್ಲೇ ನೋಡೋಣ. ಮಧ್ಯದಿಂದ 15 ಸೆಂಟಿಮೀಟರ್ ದೂರದಲ್ಲಿ ಕೂತ ಟ್ಯೂಬು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಮೇಲಿನ ಬಲ ಗುರುತ್ವದ ಸುಮಾರು 2680 ಪಟ್ಟು. ಎದುರುಬದುರು ಟ್ಯೂಬುಗಳ ತೂಕದಲ್ಲಿ ಒಂದೇ ಗ್ರಾಂ ವ್ಯತ್ಯಾಸವಿದ್ದರೂ ಎರಡೂವರೆ ಕಿಲೋಗೂ ಹೆಚ್ಚಿನ ಭಾರ ಯಂತ್ರದ ದಂಡವನ್ನು ಸೆಕೆಂಡಿಗೆ 66 ಸಲ ಸುತ್ತಲೂ ಎಳೆಯುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1998ರ ಡಿಸೆಂಬರಿನಲ್ಲಿ ಹಾಲಿನ ಮಾದರಿ ತಿರುಗಿಸುತ್ತಿದ್ದ ಅತಿವೇಗದ ಸೆಂಟ್ರಿಫ್ಯೂಜಿನ ರೋಟರ್ ಸಿಡಿದು ಪ್ರಯೋಗಾಲಯವೇ ಧ್ವಂಸವಾಯಿತು. ಗಲ್ಲಿಯ ಲ್ಯಾಬಿನ ಯಂತ್ರ ಅಷ್ಟು ದೊಡ್ಡದಲ್ಲ, ನಿಜ. ಆದರೆ ಮುಚ್ಚಳದ ಲಾಕ್ ಕೆಟ್ಟ ಯಂತ್ರವನ್ನು ತಿರುಗುತ್ತಿರುವಾಗಲೇ ತೆರೆದು ಅಂಗೈಯಿಂದ ನಿಲ್ಲಿಸುವ ಅಭ್ಯಾಸಕ್ಕೆ ಬೆರಳು ಮುರಿಯಲು ಅಷ್ಟು ವೇಗವೂ ಬೇಡ.

ಕಣ್ಣಿಗೆ ಕಾಣದ ಅಪಾಯ ಇನ್ನೂ ಕೆಟ್ಟದು. ಒಳಗೆ ಟ್ಯೂಬು ಒಡೆದರೆ ದ್ರವ ಸೂಕ್ಷ್ಮ ಹನಿಯಾಗಿ ಗಾಳಿಗೆ ಸೇರುತ್ತದೆ. ತಾವು ಪರೀಕ್ಷಿಸಿದ ಯಾವ ಔಷಧಿಗೂ ಬಗ್ಗದ ಕ್ಷಯದ ಪ್ರಕರಣಗಳನ್ನು ಹಿಂದೂಜಾ ಆಸ್ಪತ್ರೆಯ ವೈದ್ಯರು 2012ರ ಹೊತ್ತಿಗೆ ವರದಿ ಮಾಡಿದ್ದು ಇದೇ ಊರಿನಿಂದ. ಕ್ಷಯ ಪತ್ತೆಗೆ ಕಲ್ಚರ್ ಮಾಡುವಲ್ಲಿ ಕಫವನ್ನೂ ಸೆಂಟ್ರಿಫ್ಯೂಜಿನಲ್ಲೇ ತಿರುಗಿಸುತ್ತಾರೆ. ಅದಕ್ಕೆ ಮುಚ್ಚಳ ಬಿಗಿದ ಬಕೆಟ್ ಬೇಕು. ಅದನ್ನು ಸುರಕ್ಷಾ ಕ್ಯಾಬಿನೆಟ್ಟಿನೊಳಗೇ ತೆರೆಯಬೇಕು. ಟ್ಯೂಬು ಒಡೆದ ಸಪ್ಪಳ ಕೇಳಿದರೆ ಸ್ವಿಚ್ ಆರಿಸಿ ಅರ್ಧ ಗಂಟೆ ಮುಚ್ಚಳ ಮುಟ್ಟಬಾರದು. ಗಾಜಿನ ಚೂರನ್ನು ಚಿಮುಟದಿಂದಲೇ ಎತ್ತಬೇಕು. ಐವತ್ತು ವರದಿಗಳು ಸಂಜೆಯೊಳಗೆ ಬೇಕು ಎನ್ನುವ ಮಾಲೀಕ ಈ ಅರ್ಧ ಗಂಟೆಯನ್ನು ಕೊಡುತ್ತಾನೆಯೇ?

'ಅದು ಲ್ಯಾಬಿನವರ ಕಷ್ಟ, ನಮಗೇನು' ಎನ್ನುವವರು ತಮ್ಮ ವರದಿಯನ್ನೇ ನೋಡಿಕೊಳ್ಳಲಿ. ಹಳೆಯ ಯಂತ್ರಗಳಲ್ಲಿ ವೇಗ ತೋರಿಸುವ ಪರದೆ ಇರುವುದಿಲ್ಲ, ಒಂದರಿಂದ ಹತ್ತರವರೆಗೆ ಗುರುತಿರುವ ಗುಬ್ಬಿ ಮಾತ್ರ. 'ಆರಕ್ಕಿಡು' ಎಂಬುದೇ ಪಾಠ. ಆರು ಎಂದರೆ ಎಷ್ಟು ಸುತ್ತು? ಮೋಟಾರಿನ ಕಾರ್ಬನ್ ಬ್ರಷ್ ಸವೆದ ಮೇಲೆ ಹೋದ ವರ್ಷದ ಆರು ಈ ವರ್ಷದ ಆರಲ್ಲ. ಸರಿಯಾಗಿ ಬೇರೆಯಾಗಲಿಲ್ಲವೆಂದು ಜೆಲ್ ಟ್ಯೂಬನ್ನು ಎರಡನೇ ಸಲ ತಿರುಗಿಸಿದರೆ, ಇಲ್ಲವೇ ಕೆಂಪು ಕಣಗಳು ಒಡೆದರೆ, ಸೀರಮ್ಮಿನಲ್ಲಿ ಪೊಟ್ಯಾಸಿಯಮ್ ಸುಳ್ಳೇ ಏರುತ್ತದೆ. ಆ ಸುಳ್ಳು ಅಂಕಿಯ ಕೆಳಗೆ ಅಸಲಿ ವೈದ್ಯರ ಅಸಲಿ ಸಹಿ ಇರುತ್ತದೆ.

'ಸಣ್ಣ ಲ್ಯಾಬು ಇಷ್ಟೆಲ್ಲ ಖರ್ಚು ಎಲ್ಲಿಂದ ಮಾಡಬೇಕು' ಎಂಬ ಆಕ್ಷೇಪ ಬರುತ್ತದೆ. ಯಾವ ಖರ್ಚು? ಬೆಸಸಂಖ್ಯೆಯ ಟ್ಯೂಬಿದ್ದರೆ ಎದುರಿಗೆ ಅಷ್ಟೇ ತೂಕದ ನೀರಿನ ಟ್ಯೂಬು ಇಡುವುದಕ್ಕೆ ಖರ್ಚಿಲ್ಲ. ಮುಂಬಯಿಯ ಮಳೆಗಾಲದ ತೇವ, ಕಡಲಗಾಳಿಯ ಉಪ್ಪು ಮೊದಲೇ ಲೋಹವನ್ನು ತಿನ್ನುತ್ತವೆ. ಅದರ ಮೇಲೆ ಹೈಪೋಕ್ಲೋರೈಟ್ ಸುರಿದು ಹಾಗೇ ಬಿಟ್ಟರೆ ಅಲ್ಯೂಮಿನಿಯಂ ರೋಟರಿಗೆ ತೂತು ತೂತಾಗಿ ತುಕ್ಕು ಹಿಡಿಯುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದಲೇ. ಲೋಹಕ್ಕೆ ಒಗ್ಗುವ ಸೋಂಕುನಾಶಕದಿಂದ ಒರೆಸಿ, ತೊಳೆದು, ಒಣಗಿಸಿ, ಮುಚ್ಚಳ ತೆರೆದಿಡುವುದಕ್ಕೆ ಹತ್ತು ನಿಮಿಷ ಸಾಕು. ಬಕೆಟ್ಟಿನ ತಳದ ರಬ್ಬರ್ ಮೆತ್ತೆ, ಕಾರ್ಬನ್ ಬ್ರಷ್ ಬದಲಿಸುವುದು, ವರ್ಷಕ್ಕೊಮ್ಮೆ ಟ್ಯಾಕೋಮೀಟರಿನಿಂದ ವೇಗ ಅಳೆಸುವುದು ಯಾವ ಲ್ಯಾಬನ್ನೂ ಮುಳುಗಿಸುವುದಿಲ್ಲ.

ಇನ್ನೊಂದು ಸುಲಭದ ಮಾತಿದೆ: 'ಟೆಕ್ನಿಷಿಯನ್ನರೇ ಅಜಾಗರೂಕರು.' ಲಾಕ್ ಕೆಟ್ಟ ಯಂತ್ರ ಕೊಟ್ಟು, ರಿಪೇರಿ ಮುಂದೂಡಿ, ಅವಸರ ಮಾಡಿ, ಕೊನೆಗೆ ಅವಳನ್ನೇ ಅಜಾಗರೂಕಳೆನ್ನುವುದು ಜವಾಬ್ದಾರಿಯನ್ನು ಮೇಲಿನಿಂದ ಕೆಳಕ್ಕೆ ಜಾರಿಸುವ ಹಳೆಯ ಜಾಣತನ.

ಹಾಗಾದರೆ ಬೇಕಾದ್ದೇನು? ಮಹಾರಾಷ್ಟ್ರ ಸರ್ಕಾರ ಲ್ಯಾಬುಗಳ ನೋಂದಣಿಯನ್ನು ಕಡ್ಡಾಯ ಮಾಡಲಿ. ಪ್ರತಿ ಸೆಂಟ್ರಿಫ್ಯೂಜಿಗೂ ಒಂದು ದಾಖಲೆ ಪುಸ್ತಕ ಇರಲೇಬೇಕೆಂದು ಅದರಲ್ಲಿ ಬರೆಯಲಿ: ಕೊಂಡ ದಿನ, ವೇಗ ಅಳೆದ ದಿನ, ಟ್ಯೂಬು ಒಡೆದ ದಿನ, ರಿಪೇರಿಯಾದ ದಿನ. ಮುಚ್ಚಳದ ಲಾಕ್ ಇಲ್ಲದ ಯಂತ್ರ ಓಡಬಾರದು. ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳನ್ನು ನಡೆಸುವ ಮುಂಬಯಿ ಮಹಾನಗರ ಪಾಲಿಕೆ ಕಾನೂನಿಗೆ ಕಾಯದೆ ಆ ಪುಸ್ತಕವನ್ನು ತನ್ನ ಲ್ಯಾಬುಗಳ ಗೋಡೆಗೆ ತೂಗುಹಾಕಿ ಎಲ್ಲರಿಗೂ ತೋರಿಸಲಿ. ನೀವು ಯಾವ ಊರಿನಲ್ಲೇ ಇರಿ, ಮುಂದಿನ ಸಲ ರಕ್ತ ಕೊಡಲು ಹೋದಾಗ ಸೆಂಟ್ರಿಫ್ಯೂಜಿನ ವೇಗವನ್ನು ಕೊನೆಯ ಸಲ ಅಳೆದದ್ದು ಯಾವಾಗ ಎಂದು ಕೇಳಿ. ಸಹಿಯ ಬಗ್ಗೆ ಕೇಳಲು ಕೋರ್ಟು ಬೇಕಾಯಿತು. ಈ ಪ್ರಶ್ನೆಯನ್ನು ಕೌಂಟರಿನಲ್ಲೇ ಕೇಳಬಹುದು.