ಅವ್ವ ಹುಟ್ಟಿದ್ದು ಖೆಡ್ಡಾ ವರ್ಷ, ಫಾರ್ಮ್‌ಗೆ ಬೇಕು ತಾರೀಖು

ಹೋದ ತಿಂಗಳು ಅಂತರಸಂತೆಯಿಂದ ಅವ್ವನ ಫೋನು. ಕಣ್ಣಿನ ಪೊರೆ ಆಪರೇಷನ್‌ಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹೆಸರು ಬರೆಸಬೇಕಿತ್ತು, ಈಗ ಅದೂ ಮೊಬೈಲಲ್ಲೇ. "ಉಟ್ಟಿದ್ ತಾರೀಕು ಕೇಳ್ತದೆ ಕಣ್ಲಾ ಮಗ. ಆಧಾರಲ್ಲಿರೋ ಹಂಗೆ 1971 ಅಂತ ಒತ್ತುದ್ರೆ ಕೆಂಪಕ್ಷರ ಬತ್ತದೆ" ಅಂದಳು.

ಅವ್ವನ ಆಧಾರ್‌ನಲ್ಲಿ ಇರೋದು ಅಷ್ಟೇ, ವರ್ಷ. ದಾಖಲೆ ಇಲ್ಲದೆ ಅಂದಾಜು ವಯಸ್ಸು ಹೇಳಿದವರಿಗೆ ಹಾಗೆ ವರ್ಷ ಮಾತ್ರ ಅಚ್ಚಾಗುತ್ತದೆ. ಆ ವರ್ಷ ಸಿಕ್ಕಿದ್ದೂ ಒಂದು ಕತೆಯೇ. ಕಾಕನಕೋಟೆಯಲ್ಲಿ ಕೊನೇ ಸಲ ಖೆಡ್ಡಾ ಮಾಡಿ ಕಾಡಾನೆ ಹಿಡಿದ ವರ್ಷ ಹುಟ್ಟಿದವಳು ನೀನು ಅಂತ ಅಜ್ಜಿ ಹೇಳುತ್ತಿದ್ದಳಂತೆ. ಕೊನೇ ಖೆಡ್ಡಾ ಆಗಿದ್ದು 1971ರಲ್ಲಿ. ರಾಗಿ ಕುಯ್ಲಿನ ಹೊತ್ತು ಅನ್ನೋದೂ ಗೊತ್ತು. ತಾರೀಖನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಪಕ್ಕದ ಮನೆ ಹುಡುಗ 01/01/1971 ಅಂತ ಒತ್ತಿಕೊಟ್ಟ. ಫಾರ್ಮ್ ಒಪ್ಪಿಕೊಂಡಿತು. ಅವ್ವ ಎಚ್.ಡಿ. ಕೋಟೆಗೊಂದು, ಅಲ್ಲಿಂದ ಮೈಸೂರಿಗೊಂದು ಬಸ್ಸು ಹತ್ತಿ ಹೋದರೆ ಕೌಂಟರ್‌ನಲ್ಲಿ "ಆಧಾರ್‌ಗೂ ಇದಕ್ಕೂ ತಾಳೆ ಆಗ್ತಿಲ್ಲ, ಸರಿ ಮಾಡಿಸ್ಕೊಂಡು ಬನ್ನಿ" ಅಂದರಂತೆ. ನಿಜ ಹೇಳಿದಾಗ ಹೊರಗೆ ತಳ್ಳಿದ ಫಾರ್ಮು, ಸುಳ್ಳು ಹೇಳಿದ ಮೇಲೆ ಒಳಗೆ ಬಿಟ್ಟುಕೊಂಡಿತ್ತು.

ಸಿಟ್ಟು ಬಂತು. ಆದರೆ ರಾತ್ರಿ ನಮ್ಮ ಕಂಪನಿಯ ಕೋಡ್ ತೆಗೆದು ನೋಡಿದರೆ, ಎರಡು ವರ್ಷದ ಹಿಂದೆ ನಾನೇ ಬರೆದ ಸಾಲೂ ಅಂಥದ್ದೇ: ಎರಡು ಅಂಕಿ, ಓರೆಗೆರೆ, ಎರಡು ಅಂಕಿ, ಓರೆಗೆರೆ, ನಾಲ್ಕು ಅಂಕಿ. ಬೇರೆ ಏನು ಬಂದರೂ ಕೆಂಪು. ಅವ್ವ ನನ್ನ ಫಾರ್ಮಿಗೆ ಬಂದಿದ್ದರೂ ವಾಪಸ್ಸೇ ಹೋಗ್ತಿದ್ದಳು.

ಅದೇ ಸಾಲು 31/02/2025 ಅನ್ನು ಆರಾಮಾಗಿ ಪಾಸ್ ಮಾಡ್ತಿತ್ತು! ಅದು ನೋಡೋದು ಆಕಾರವನ್ನು, ತಾರೀಖನ್ನಲ್ಲ. ಜಾವಾಸ್ಕ್ರಿಪ್ಟ್‌ಗೇ ಬಿಟ್ಟುಬಿಡೋಣ ಅಂದರೆ ಇನ್ನೂ ಮಜಾ. 05/06/1971 ಅಂತ ಕೊಟ್ಟರೆ ಅಮೆರಿಕದವರ ಲೆಕ್ಕದಲ್ಲಿ ಮೇ 6 ಅಂದುಕೊಳ್ಳುತ್ತೆ. 13/06/1971 ಕೊಟ್ಟಾಗ ತಪ್ಪು ಅನ್ನುತ್ತೆ, 13ನೇ ತಿಂಗಳು ಇಲ್ಲವಲ್ಲ. ಹಾಗಾಗಿ ತಿಂಗಳ ಮೊದಲ 12 ದಿನಗಳಲ್ಲಿ ಹುಟ್ಟಿದವರ ತಾರೀಖು ಸದ್ದಿಲ್ಲದೆ ಅದಲುಬದಲಾಗುತ್ತೆ, ಯಾರಿಗೂ ಕೆಂಪಕ್ಷರ ಕಾಣಿಸಲ್ಲ. ವರ್ಷ, ತಿಂಗಳು, ದಿನ ಬಿಡಿಬಿಡಿಯಾಗಿ ಕೊಟ್ಟರೆ 2025ರ ಫೆಬ್ರವರಿ 30 ಹೋಗಿ ಮಾರ್ಚ್ 2 ಆಗಿ ಕೂರುತ್ತೆ. (ತಿಂಗಳನ್ನು ಸೊನ್ನೆಯಿಂದ ಎಣಿಸೋ ತಲೆನೋವು ಬೇರೆ.) ಡೇಟ್ ಆದ ಮೇಲೆ ಮೂರನ್ನೂ ವಾಪಸ್ ತೆಗೆದು ಜನ ಕೊಟ್ಟದ್ದರ ಜೊತೆ ಹೋಲಿಸಿದರೆ ಈ ಕಳ್ಳಾಟ ಸಿಕ್ಕಿಬೀಳುತ್ತೆ.

ನಮ್ಮ ದೇಶದವರು ಬೀಳೋ ಗುಂಡಿ ಇನ್ನೊಂದಿದೆ. ಇಲ್ಲಿನ ನಡುರಾತ್ರಿ 12ರ ಡೇಟನ್ನು ಐಎಸ್‌ಒ ರೂಪಕ್ಕೆ ಬದಲಿಸಿದರೆ ಐದೂವರೆ ಗಂಟೆ ಹಿಂದೆ ಸರಿದು ಹಿಂದಿನ ದಿನ ಬರುತ್ತೆ. ಹುಟ್ಟಿದ ತಾರೀಖಿಗೆ ಗಂಟೆ ನಿಮಿಷ ಯಾಕೆ ಬೇಕು? ವರ್ಷ-ತಿಂಗಳು-ದಿನ ಅಂತ ಬರೀ ಪಠ್ಯವಾಗಿ ಉಳಿಸಿಕೊಂಡರೆ ಸಾಕು.

ಬರೀ 1971 ಕೊಟ್ಟರೂ ಜಾವಾಸ್ಕ್ರಿಪ್ಟ್ ಬೇಡ ಅನ್ನಲ್ಲ, ತಾನೇ ಜನವರಿ 1 ಸೇರಿಸಿಕೊಳ್ಳುತ್ತೆ. ಶಾಲೆಗೆ ಸೇರಿಸುವಾಗ ತೋಚಿದ ತಾರೀಖು ಬರೆದುಕೊಳ್ಳುತ್ತಿದ್ದ ಹಳೇ ಮೇಷ್ಟ್ರುಗಳ ಹಾಗೆ. ಐಎಸ್‌ಒ 8601 ಮಾನದಂಡ ಹಾಗಲ್ಲ, ವರ್ಷ ಮಾತ್ರ ಇದ್ದರೆ ಅದನ್ನೇ ಒಪ್ಪುತ್ತದೆ. ಆರೋಗ್ಯ ದಾಖಲೆಗಳಿಗೆಂದೇ ಇರುವ 'ಫೈರ್' ಮಾನದಂಡದಲ್ಲೂ ಹುಟ್ಟಿದ ದಿನದ ಜಾಗದಲ್ಲಿ 1971 ಅಂತಷ್ಟೇ ಬರೆಯಬಹುದು. ಅವ್ವನಿಗೆ ಜಾಗ ಮೊದಲಿಂದಲೂ ಇತ್ತು. ನನ್ನಂಥವರು ಫಾರ್ಮ್ ಮಾಡುವಾಗ ಮುಚ್ಚಿಬಿಟ್ಟೆವು.

ಸೋಮವಾರ ನಮ್ಮ ಫಾರ್ಮ್‌ನಲ್ಲಿ "ವರ್ಷ ಮಾತ್ರ ಗೊತ್ತು" ಅನ್ನೋ ಟಿಕ್ ಸೇರಿಸಿದೆ. ರಿವ್ಯೂ ಮಾಡಿದ ಸಹೋದ್ಯೋಗಿ, "ಹುಟ್ಟಿದ ದಿನ ಗೊತ್ತಿಲ್ಲದೋರು ಯಾರಿರ್ತಾರೆ ಗುರೂ?" ಅಂದ. ನಂಬರ್ ಮರೆಮಾಡಿ ಅವ್ವನ ಆಧಾರ್ ತೋರಿಸಿದೆ. ಮರುಮಾತಿಲ್ಲದೆ ಒಪ್ಪಿದ.

ಆಸ್ಪತ್ರೆಗೆ ಮೇಲ್ ಹಾಕಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಮುಂದಿನ ವಾರ ಅವ್ವ ಮತ್ತೆ ಹೋಗ್ತಾಳೆ, ಈ ಸಲ ರಜೆ ಹಾಕಿ ನಾನೂ ಜೊತೆಗೆ. "ತಾರೀಕು ಕೇಳುದ್ರೆ ನೀನೇನೂ ಮಾತಾಡ್ಬ್ಯಾಡ, ಖೆಡ್ಡಾ ಕತೆ ನಾನೇ ಹೇಳ್ತೀನಿ" ಅಂದಿದ್ದಾಳೆ.